ಸಂಪಾದಕರ ಉತ್ತರ: ಹಿಂಡುವ ಮಾತು, ತೋಡುವ ಮಾತು

ಪ್ರಿಯ ಓದುಗರೇ,

ರೈಲೂ ಎಕ್ಸ್‌ಪ್ರೆಸ್, ಮನಸ್ಸಿನಲ್ಲಿದ್ದದ್ದನ್ನು ಹೇಳುವುದೂ ಎಕ್ಸ್‌ಪ್ರೆಸ್. ಇವೆರಡೂ ಒಂದೇ ಪದವೇ ಎಂದು ಕೇಳಿದ್ದೀರಿ. ಮುಖದ ಎಕ್ಸ್‌ಪ್ರೆಶನ್‌ಗೆ ಕನ್ನಡದಲ್ಲಿ ಏನನ್ನಬೇಕು ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ.

ಹೌದು, ಒಂದೇ ಪದ. ಲ್ಯಾಟಿನ್ನಿನಲ್ಲಿ 'ಪ್ರೆಮೆರೆ' ಅಂದರೆ ಒತ್ತು, ಅದುಮು. 'ಎಕ್ಸ್' ಅಂದರೆ ಹೊರಕ್ಕೆ. ಕೂಡಿದರೆ 'ಎಕ್ಸ್‌ಪ್ರಿಮೆರೆ', ಹಿಂಡಿ ಹೊರತೆಗೆ. ಹಣ್ಣಿನ ರಸ ಹಿಂಡುವುದಕ್ಕೆ ಈ ಮಾತು ಸಲ್ಲುತ್ತಿತ್ತು. ಮೇಣದಲ್ಲೋ ಜೇಡಿಮಣ್ಣಿನಲ್ಲೋ ಒಂದು ರೂಪ ಮೂಡಿಸುವುದಕ್ಕೂ ರೋಮನ್ನರು ಇದನ್ನೇ ಬಳಸಿದರು. ಮೇಣದಲ್ಲಿ ಮುಖ ಮೂಡಿದ ಹಾಗೆ ಮಾತಿನಲ್ಲಿ ಮನಸ್ಸು ಮೂಡಿತು. ಹಳೆಯ ಅರ್ಥ ಸತ್ತಿಲ್ಲ: ತಾಯಿ ಎದೆಹಾಲನ್ನು ಕೈಯಿಂದ ಹಿಂಡಿ ಬಟ್ಟಲಿಗೆ ತೆಗೆದಿಡುವುದಕ್ಕೆ ವೈದ್ಯರು ಇಂದಿಗೂ 'ಎಕ್ಸ್‌ಪ್ರೆಸ್' ಎನ್ನುತ್ತಾರೆ.

ಇನ್ನು ರೈಲು. ಒತ್ತಿ ಮೂಡಿಸಿದ್ದು ಸ್ಪಷ್ಟವಾಗಿರುತ್ತದೆ. ಕರಾರುಪತ್ರದಲ್ಲಿ ಬಾಯಿಬಿಟ್ಟು ಹೇಳಿದ ಷರತ್ತು ಕಾನೂನಿನವರಿಗೆ 'ಎಕ್ಸ್‌ಪ್ರೆಸ್' ಷರತ್ತು. ಸ್ಪಷ್ಟ ಎಂಬುದು 'ಇದಕ್ಕೆಂದೇ' ಎಂದಾಯಿತು. ಒಂದೇ ಕೆಲಸಕ್ಕೆಂದು ಓಡಿಸಿದ ದೂತ ಎಕ್ಸ್‌ಪ್ರೆಸ್ ದೂತನಾದ. 1840ರ ದಶಕದಲ್ಲಿ ಆ ಹೆಸರು ಇಂಗ್ಲಿಷರ ರೈಲಿಗೂ ಬಂತು. ವೇಗದ ಅರ್ಥ ಆಮೇಲೆ ಅಂಟಿಕೊಂಡದ್ದು.

ನಾವು ಇದಕ್ಕೆ ಸಾಟಿಯಾಗಿ ಇಟ್ಟುಕೊಂಡಿರುವ 'ಅಭಿವ್ಯಕ್ತಿ'ಯ ಹುಟ್ಟು ಬೇರೆಯೇ. ಅದು ಸಂಸ್ಕೃತದ 'ಅಂಜ್' ಧಾತುವಿನದು: ಸವರು, ಬಳಿ, ಕಾಣುವಂತೆ ಮಾಡು. ಕಣ್ಣಿಗೆ ಹಚ್ಚುವ ಅಂಜನ, ಅಕ್ಷರಮಾಲೆಯ ವ್ಯಂಜನ, ನಾವು ನೀವೆಂಬ ವ್ಯಕ್ತಿ, ಎಲ್ಲವೂ ಅದೇ ಬಳಗ. ಇಲ್ಲಿ ಹಿಂಡಾಟವಿಲ್ಲ, ಇದ್ದದ್ದೇ ಎದ್ದು ಕಾಣುತ್ತದೆ. ಈ ಪದ ನನಗೆ ಬಹಳ ಇಷ್ಟ. ಆದರೆ ಎಲ್ಲೆಂದರಲ್ಲಿ ತಂದು ಕೂರಿಸುವುದು ಸಂಕಟ ತರುತ್ತದೆ. ನನ್ನ ಮೇಜಿಗೆ ಬರುವ ಕತೆಗಳಲ್ಲಿ 'ಆಕೆ ಗೆಳತಿಯ ಬಳಿ ದುಃಖವನ್ನು ಅಭಿವ್ಯಕ್ತಪಡಿಸಿದಳು' ಎಂದಿರುತ್ತದೆ. ನಾನು ಅದನ್ನು ಹೊಡೆದುಹಾಕಿ 'ದುಃಖ ತೋಡಿಕೊಂಡಳು' ಎಂದು ಬರೆಯುತ್ತೇನೆ. ಬಾವಿಗೂ ದುಃಖಕ್ಕೂ ಕನ್ನಡ ಒಂದೇ ಕ್ರಿಯಾಪದವನ್ನು ಇಟ್ಟುಕೊಂಡಿದೆ. ಆಳದಲ್ಲಿರುವುದನ್ನು ತೋಡಿಯೇ ತೆಗೆಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ, ಕೈ ನೋಯುತ್ತದೆ. ಇಷ್ಟನ್ನೂ ಹೇಳುವ ಮಾತು ಕೈಯಲ್ಲಿರುವಾಗ ಅದನ್ನು ಬಿಡುವುದು ಹೇಗೆ?

ಮುಖದ ವಿಷಯಕ್ಕೆ 'ಮುಖಭಾವ' ಸಾಕು. ಕೆಲವರು 'ಚಹರೆ' ಎಂದು ಬರೆಯುತ್ತಾರೆ, ಅದು ಸಲ್ಲದು. ಚಹರೆ ಅಂದರೆ ಕಣ್ಣು, ಮೂಗು, ಗಲ್ಲದ ಕಟ್ಟು. ಅಳುವಾಗಲೂ ನಗುವಾಗಲೂ ಅದು ಹಾಗೆಯೇ ಇರುತ್ತದೆ.

– ಸಂಪಾದಕ