ಹಳೆಯ ಕ್ಯಾಸೆಟ್ಟಿನಿಂದ ಡಿವಿಡಿಗೆ

ಪ್ರಶ್ನೆ: ನಮ್ಮಲ್ಲಿ ಮದುವೆಯ ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳಿವೆ. ಇವುಗಳನ್ನು ಮನೆಯಲ್ಲಿಯೇ ಡಿವಿಡಿಗೆ ಇಳಿಸಿಕೊಳ್ಳಬಹುದೇ? ಒಂದು ಕ್ಯಾಸೆಟ್ಟಿನ ಟೇಪಿನ ಮೇಲೆ ಬಿಳಿಯ ಪುಡಿಯಂಥದ್ದು ಕಾಣುತ್ತಿದೆ.

ಉತ್ತರ: ಮೊದಲು ಆ ಬಿಳಿಯ ಪುಡಿಯ ವಿಷಯ. ಅದು ಬಹುಶಃ ಬೂಷ್ಟು. ಅಂಥ ಕ್ಯಾಸೆಟ್ಟನ್ನು ವಿಸಿಆರ್‌ಗೆ (ಕ್ಯಾಸೆಟ್ ಓಡಿಸುವ ಯಂತ್ರಕ್ಕೆ) ಹಾಕಿದರೆ ಬೂಷ್ಟು ಅದರ ಹೆಡ್‌ಗೆ, ಎಂದರೆ ಟೇಪನ್ನು ಓದುವ ಭಾಗಕ್ಕೆ ಅಂಟಿ, ಅಲ್ಲಿಂದ ಮುಂದಿನ ಟೇಪುಗಳಿಗೂ ಹರಡುವುದರಿಂದ, ಅದನ್ನು ಬೇರೆಯಾಗಿಟ್ಟು ಅನುಭವಿಗಳಿಂದಲೇ ಸ್ವಚ್ಛಗೊಳಿಸಿಕೊಳ್ಳಿ.

ಉಳಿದವನ್ನು ಮನೆಯಲ್ಲಿಯೇ ಮಾಡಬಹುದು. ಸುಸ್ಥಿತಿಯಲ್ಲಿರುವ ವಿಸಿಆರ್, ಅದರ ಚಿತ್ರ ಮತ್ತು ಧ್ವನಿಯನ್ನು ಡಿಜಿಟಲ್ ರೂಪಕ್ಕೆ ತರುವ ಯುಎಸ್‌ಬಿ ಕ್ಯಾಪ್ಚರ್ ಸಾಧನ, ಕಂಪ್ಯೂಟರ್ ಹಾಗೂ ಡಿವಿಡಿ ರೈಟರ್ ಬೇಕು. ವಿಸಿಆರ್‌ನ ಹಳದಿ ಜ್ಯಾಕ್ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಜ್ಯಾಕ್‌ಗಳು ಧ್ವನಿಗೆ. ಬಹುಕಾಲ ಸುಮ್ಮನಿದ್ದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ ಓಡಿಸಿ, ಹಿಂದಕ್ಕೆ ಸುತ್ತಿದ ಮೇಲೆ ಪ್ಲೇ ಮಾಡಿದರೆ ಅದರ ಬಿಗಿತ ಸಮನಾಗುತ್ತದೆ. ಚಿತ್ರದಲ್ಲಿ ಗೆರೆಗಳು ಕಂಡರೆ ಟ್ರ್ಯಾಕಿಂಗ್ ಗುಂಡಿಯಿಂದ ಹೊಂದಿಸಿಕೊಳ್ಳಿ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಹಿಡಿಯುತ್ತದೆ, ಇದರಲ್ಲಿ ಅಡ್ಡದಾರಿಯಿಲ್ಲ.

ಒಂದು ಪದರದ ಡಿವಿಡಿಯ ಸಾಮರ್ಥ್ಯ 4.7 ಜಿಬಿ ಆಗಿದ್ದು, ಉತ್ತಮ ಗುಣಮಟ್ಟದಲ್ಲಿ ಅದರಲ್ಲಿ ಸುಮಾರು ಎರಡು ಗಂಟೆಯ ವಿಡಿಯೊ ಹಿಡಿಯುವುದರಿಂದ, ಉದ್ದನೆಯ ಕ್ಯಾಸೆಟ್ಟನ್ನು ಎರಡು ಡಿಸ್ಕ್‌ಗಳಿಗೆ ಹಂಚುವುದೇ ಲೇಸು. ವಿಎಚ್‌ಎಸ್ ಚಿತ್ರ ಮೂಲದಲ್ಲಿಯೇ ಮಸುಕಾದದ್ದು, ಡಿವಿಡಿ ಅದನ್ನು ಸ್ಪಷ್ಟಗೊಳಿಸುವುದಿಲ್ಲ. ಮನೆಯಲ್ಲಿ ಬರೆದ ಡಿಸ್ಕ್‌ನ ಮಾಹಿತಿ ದಾಖಲಾಗುವ ಬಣ್ಣದ ಪದರವೂ ಕಾಲಕ್ರಮದಲ್ಲಿ ಕೆಡಬಲ್ಲದಾದ್ದರಿಂದ, ಕ್ಯಾಪ್ಚರ್ ಮಾಡಿದ ಮೂಲ ಕಡತವನ್ನು ಹಾರ್ಡ್ ಡಿಸ್ಕ್‌ನಲ್ಲಿಯೂ ಉಳಿಸಿಕೊಳ್ಳಿ, ಕ್ಯಾಸೆಟ್‌ಗಳನ್ನು ಎಸೆಯಬೇಡಿ.