ಲ್ಯಾಬಿನ ಕೀ ನಿಮ್ಮ ಜೇಬಿನಲ್ಲಿ ಇಟ್ಕೋಬೇಡಿ

ಮೇಷ್ಟ್ರೇ,

ಇಥಿಯೋಪಿಯಾದ ಒಂದು ಯೂನಿವರ್ಸಿಟಿಗೆ ಎರಡು ವರ್ಷ ವಿಸಿಟಿಂಗ್ ಲೆಕ್ಚರರ್ ಆಗಿ ಹೊರಟಿದ್ದೀರಿ. ಸಂಬಳ ಸಾಕಾಗುತ್ತಾ, ಹುಬ್ಬಳ್ಳಿಯ ಸಸ್ಯಾಹಾರಿ ಹೊಟ್ಟೆಗೆ ಅಲ್ಲಿ ಏನು ಗತಿ, ಪಾಠ ಮಾಡೋದು ಕಷ್ಟವಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯವನು. ಸಿವಿಲ್ ಎಂಜಿನಿಯರಿಂಗ್ ಪಾಠ ಮಾಡಲು 2007ರ ಸೆಪ್ಟೆಂಬರ್‌ನಲ್ಲಿ ಬಂದವನು ಇಲ್ಲೇ ಉಳಿದುಬಿಟ್ಟೆ.

ನಾನು ಇಳಿದಾಗ ಇಲ್ಲಿ ದೊಡ್ಡ ಹಬ್ಬ. ಇವರ ಪಂಚಾಂಗ ಏಳೆಂಟು ವರ್ಷ ಹಿಂದೆ. ಹಾಗಾಗಿ 2000ನೇ ಇಸವಿ ಆಗಷ್ಟೇ ಹುಟ್ಟಿತ್ತು. ಆಫ್ರಿಕಾ ಅಂದರೆ ಸೆಕೆ ಅಂದುಕೊಂಡು ಬರೀ ತೆಳು ಅಂಗಿ ತಂದಿದ್ದೆ. ರಾಜಧಾನಿ ಅಡಿಸ್ ಅಬಾಬಾ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರದಲ್ಲಿದೆ ಅಂತ ಯಾರೂ ಹೇಳಿರಲಿಲ್ಲ. ಸ್ವೆಟರ್ ತನ್ನಿ.

ಮೊದಲ ಕ್ಲಾಸು ಎರಡು ಗಂಟೆಗೆ ಅಂದರು. ಊಟ ಮುಗಿಸಿ ಹೋದರೆ ರೂಮು ಖಾಲಿ. ಇಲ್ಲಿ ಗಂಟೆ ಎಣಿಸುವುದು ಬೆಳಗಿನ ಆರರಿಂದ. ನಮ್ಮ ಎಂಟು ಇವರ ಎರಡು. ಹುಡುಗರು ಬೆಳಗ್ಗೆಯೇ ಬಂದು ಕಾದು ಹೋಗಿದ್ದರು. ಸೂರ್ಯ ಹುಟ್ಟಿದಾಗಿನಿಂದ ಗಳಿಗೆ ಎಣಿಸುತ್ತಿದ್ದ ಅಜ್ಜನ ಮೊಮ್ಮಗನಿಗೆ ಇದು ಹೊಳೆಯಬೇಕಿತ್ತು, ಅಲ್ವಾ?

ಸಂಬಳ ಡಾಲರಿನಲ್ಲೋ ಇಲ್ಲಿನ ದುಡ್ಡು ಬಿರ್‌ನಲ್ಲೋ ಅಂತ ಕರಾರು ಪತ್ರದಲ್ಲಿ ಬರೆಸಿಕೊಳ್ಳಿ. 2024ರ ಜುಲೈನಲ್ಲಿ ಬಿರ್ ದರವನ್ನು ಮಾರುಕಟ್ಟೆಗೆ ಬಿಟ್ಟರು. 57 ಬಿರ್‌ನ ಆಸುಪಾಸಿನಲ್ಲಿದ್ದ ಡಾಲರ್ ಕೆಲವೇ ವಾರದಲ್ಲಿ 100 ದಾಟಿತು. ಉತ್ತರದ ಕಡೆ ಪೋಸ್ಟಿಂಗ್ ಆದರೆ, ಅಲ್ಲಿ ಪರಿಸ್ಥಿತಿ ಹೇಗಿದೆ ಅಂತ ಹೊರಡುವ ಮೊದಲು ಅಡಿಸ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಕೇಳಿ. ಹೆಂಡತಿ ಮಕ್ಕಳು ಆಮೇಲೆ ಬರಲಿ.

ಊಟಕ್ಕೆ ಹೆದರಬೇಡಿ. ಬುಧವಾರ, ಶುಕ್ರವಾರ ಇಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸ. ಅಂದು ಮಾಂಸ, ಮೊಟ್ಟೆ ಇಲ್ಲ, ಹಾಲೂ ಇಲ್ಲ. 'ತ್ಸೋಮ್' ಅಂದರೆ ಸಾಕು, ಬೇಳೆ ಪಲ್ಯಗಳ ತಟ್ಟೆ ಬರುತ್ತೆ. ಇಂಜೆರಾ ಅನ್ನೋ ಇಲ್ಲಿನ ರೊಟ್ಟಿ ನಮ್ಮ ದೋಸೆಗಿಂತ ಹುಳಿ ಜಾಸ್ತಿ. ಶಿರೋ ಅನ್ನೋ ಹಿಟ್ಟಿನ ಗೊಜ್ಜು ಅಂತೂ ನಿಮ್ಮ ಜುಣಕದ ಅಣ್ಣ.

ಇನ್ನು ಪಾಠ. ಮೀಡಿಯಂ ಇಂಗ್ಲಿಷೇ. ಆದರೆ ಬರೀ ಪಾಠ ಮಾಡಲು ನಮ್ಮನ್ನು ಕರೆಸುವುದಿಲ್ಲ. ನಾನು ಬಂದಾಗ ಸರ್ಕಾರ 13 ಹೊಸ ಯೂನಿವರ್ಸಿಟಿ ಒಟ್ಟಿಗೆ ಕಟ್ಟುತ್ತಿತ್ತು. ಮೇಷ್ಟ್ರುಗಳೇ ಇರಲಿಲ್ಲ. ಆಗಷ್ಟೇ ಡಿಗ್ರಿ ಮುಗಿಸಿದ ಹುಡುಗರನ್ನು ಗ್ರಾಜುಯೇಟ್ ಅಸಿಸ್ಟೆಂಟ್ ಅಂತ ತೆಗೆದುಕೊಂಡು ನಮ್ಮ ಜೊತೆ ಬಿಡುತ್ತಿದ್ದರು. ನಾವು ಹೋದ ಮೇಲೆ ಅವರೇ ನಡೆಸಬೇಕು.

ನನಗೂ ಒಬ್ಬ ಹುಡುಗ ಸಿಕ್ಕಿದ. ಲ್ಯಾಬಿನಲ್ಲಿ ಟ್ರೈಆಕ್ಸಿಯಲ್ ಯಂತ್ರ ಮರದ ಪೆಟ್ಟಿಗೆಯಲ್ಲೇ ಕೂತಿತ್ತು. ಮಣ್ಣಿನ ಉರುಳೆಗೆ ರಬ್ಬರ್ ಪೊರೆ ತೊಡಿಸಿ, ಸುತ್ತ ನೀರಿನ ಒತ್ತಡ ಕೊಟ್ಟು, ಮೇಲಿನಿಂದ ಅದುಮಿ, ಎಷ್ಟು ಭಾರಕ್ಕೆ ಸೋಲುತ್ತೆ ನೋಡುವ ಯಂತ್ರ. ನಾನು ವಿವರಿಸುತ್ತಿದ್ದರೆ ಅವನು ಮಾತು ಮಾತಿಗೂ ಗಕ್ಕನೆ ಉಸಿರು ಒಳಗೆಳೆದು 'ಹಾ' ಅನ್ನುತ್ತಿದ್ದ. ಪಾಪ, ಹೆದರುತ್ತಾನೆ, ತಲೆಗೆ ಹೋಗುತ್ತಿಲ್ಲ ಅಂದುಕೊಂಡೆ. ಪೊರೆ ಬೇರೆ ಬೆರಳೆಣಿಕೆಯಷ್ಟಿತ್ತು, ಹರಿದರೆ ಮತ್ತೆ ತರಿಸುವುದು ಯಾರು? ನಾನೇ ಜೋಡಿಸಿದೆ, ನಾನೇ ನಡೆಸಿದೆ. ಅವನಿಗೆ ಹಾಜರಿ ಪುಸ್ತಕ ಕೊಟ್ಟೆ. ಕೀ ನನ್ನ ಜೇಬಿನಲ್ಲಿ. ಭಾರತದ ಮೇಷ್ಟ್ರಿಲ್ಲದೆ ಈ ಲ್ಯಾಬ್ ನಡೆಯಲ್ಲ ಅಂತ ಜನ ಅಂದರೆ ಒಳಗೊಳಗೇ ಹಿಗ್ಗುತ್ತಿದ್ದೆ.

ಆ ಉಸಿರಿಗೆ ಇಲ್ಲಿ 'ಹೌದು, ಗೊತ್ತಾಯ್ತು' ಅಂತ ಅರ್ಥ. ತಿಳಿಯುವ ಹೊತ್ತಿಗೆ ನಾನು ಆ ಯೂನಿವರ್ಸಿಟಿ ಬಿಟ್ಟು ಅಡಿಸ್‌ಗೆ ಬಂದಾಗಿತ್ತು.

ಎರಡು ವರ್ಷದ ಮೇಲೆ ಪರೀಕ್ಷಕನಾಗಿ ಅಲ್ಲಿಗೆ ಹೋದೆ. ಯಂತ್ರದ ಮೇಲೆ ಬೆಡ್‌ಶೀಟ್ ಹೊದಿಸಿದ್ದರು. ಹುಡುಗ ಎಂಎಸ್‌ಸಿ ಮುಗಿಸಿ ಲೆಕ್ಚರರ್ ಆಗಿದ್ದ. ಆ ಪ್ರಯೋಗವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಮುಗಿಸುತ್ತಿದ್ದ. ನನ್ನನ್ನು ಮನೆಗೆ ಕರೆದ. ಇಲ್ಲಿ ಕಾಫಿ ಮೂರು ಸುತ್ತು, ಮಧ್ಯೆ ಏಳಬಾರದು. ಮೂರನೆಯ ಸುತ್ತಿನಲ್ಲಿ ಕೇಳಿದೆ, ನಾನಿದ್ದಾಗಲೇ ಯಾಕೆ ಕಲಿಯಲಿಲ್ಲ ಮಾರಾಯ ಅಂತ. 'ನೀವು ಮುಟ್ಟಲು ಬಿಡಲಿಲ್ಲವಲ್ಲ' ಅಂದ. ಸಿಟ್ಟಿನಿಂದಲ್ಲ, ಸುಮ್ನೆ, ಕಪ್ಪು ತೊಳೆಯುತ್ತಾ.

ಮೊದಲ ವಾರವೇ ಲ್ಯಾಬಿನ ಕೀ ನಿಮ್ಮ ಹುಡುಗನ ಕೈಗೆ ಕೊಡಿ. ಪೊರೆ ಹರಿಯಲಿ ಬಿಡಿ. ಬರುವಾಗ ನೀವೇ ಒಂದಷ್ಟು ಜಾಸ್ತಿ ತನ್ನಿ, ಬ್ಯಾಗಿನಲ್ಲಿ ಜಾಗವೇನೂ ಹಿಡಿಯಲ್ಲ.

ಇಲ್ಲಿನ ವಯಸ್ಸಾದವರು ನಿಮ್ಮ ಮುಖ ನೋಡಿ, ಶಾಲೆಯಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವರು ಭಾರತದವರು ಅನ್ನುತ್ತಾರೆ. ಚಕ್ರವರ್ತಿ ಹೈಲೆ ಸೆಲಾಸಿ ಕಾಲದಲ್ಲಿ ಬಂದ ಆ ಮೇಷ್ಟ್ರುಗಳ ಪುಣ್ಯ ನಾವು ಇನ್ನೂ ಉಣ್ಣುತ್ತಿದ್ದೇವೆ. ಟ್ಯಾಕ್ಸಿಯವನೊಬ್ಬ ದುಡ್ಡೇ ಬೇಡ ಅಂದಿದ್ದ.

ಖಾರದ ಪುಡಿ ಹೊರಬೇಡಿ, ಇಲ್ಲಿ ಬೆರ್ಬೆರೆ ಇದೆ. ಹುಣಸೆಹಣ್ಣು ತನ್ನಿ. ಬರುವ ಮುಂಚೆ ದಾವಣಗೆರೆ ಕಡೆ ಹೋಗುವುದಿದ್ದರೆ ಒಂದು ಚೀಲ ಮಂಡಕ್ಕಿ ತನ್ನಿ. ತೂಕ ಏನೂ ಇರಲ್ಲ. ಏರ್‌ಪೋರ್ಟಿಗೆ ನಾನೇ ಬರುತ್ತೇನೆ.