1.6 ಲಕ್ಷ ಸಾಲ ಮಾಡಿ ಹೋಗೋದಾದರೆ ಸೌದಿ ಒಳ್ಳೆಯದಾ, ಕತಾರ್ ಒಳ್ಳೆಯದಾ?

ನಿಮ್ಮ ಈ ಪ್ರಶ್ನೆ ಓದಿದೆ. ಸಿರುಗುಪ್ಪ, ಐಟಿಐ ವೆಲ್ಡರ್, ತೋರಣಗಲ್ಲಿನಲ್ಲಿ ಕಾಂಟ್ರಾಕ್ಟರ್ ಹತ್ತಿರ 18,000 ಸಂಬಳ. ಏಜೆಂಟ್ 1,60,000 ಕೇಳಿದ್ದಾನೆ, ಸೌದಿಯಲ್ಲಿ 1,800 ರಿಯಾಲ್ ಅಂದಿದ್ದಾನೆ. ವೆಲ್ಡರ್ ಅನ್ನೋದೊಂದು ಬಿಟ್ಟರೆ ನೀವು ಬರೆದಿರುವುದು 2012ರ ನನ್ನ ಕಥೆ. ನಿಮಗೆ 24 ವಯಸ್ಸಂತೆ. ತಮ್ಮ ಅಂದುಕೊಂಡೇ ಹೇಳುತ್ತೇನೆ.

ನಾನು ಸಂಡೂರು ಕಡೆ ಅದಿರು ಟಿಪ್ಪರ್‌ಗಳ ಮೆಕ್ಯಾನಿಕ್ ಆಗಿದ್ದೆ. 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತಲ್ಲೇ ನಿಂತವು. ಲಾರಿ ಓಡದಿದ್ದರೆ ಮೆಕ್ಯಾನಿಕ್‌ಗೆ ಎಲ್ಲಿಯ ಕೆಲಸ? ಒಂದು ವರ್ಷ ಟ್ರಾಕ್ಟರ್ ರಿಪೇರಿ, ಪಂಕ್ಚರ್ ಅಂತ ತಳ್ಳಿದೆ. ಆಮೇಲೆ ಒಬ್ಬ ಏಜೆಂಟ್ ಸಿಕ್ಕ. ಸೌದಿಯ ಜುಬೈಲ್‌ನಲ್ಲಿ ಕೆಲಸ, 1,500 ರಿಯಾಲ್ ಸಂಬಳ, ಖರ್ಚು ಒಂದೂವರೆ ಲಕ್ಷ ಅಂದ. ಮನೆ ಪತ್ರ ಇಟ್ಟು ಮೂರು ರೂಪಾಯಿ ಬಡ್ಡಿಗೆ ಸಾಲ ತಂದೆ.

ನನ್ನ ತಪ್ಪು ಸಾಲ ಮಾಡಿದ್ದಲ್ಲ. ದುಡ್ಡು ಕೊಟ್ಟ ದಿನಾಂಕ. ಇದನ್ನು ನಿಧಾನವಾಗಿ ಓದಿ.

ವೀಸಾ ಬರುವ ಮುಂಚೆಯೇ, 2012ರ ಅಕ್ಟೋಬರ್‌ನಲ್ಲಿ, ಪೂರ್ತಿ ದುಡ್ಡು ಅವನ ಕೈಗೆ ಕೊಟ್ಟೆ. "ಹದಿನೈದು ದಿನದಲ್ಲಿ ಫ್ಲೈಟ್" ಅಂದಿದ್ದ. ನಾನು ವಿಮಾನ ಹತ್ತಿದ್ದು 2013ರ ಏಪ್ರಿಲ್‌ನಲ್ಲಿ. ನೂರಕ್ಕೆ ತಿಂಗಳಿಗೆ ಮೂರು ಅಂದರೆ ಒಂದೂವರೆ ಲಕ್ಷಕ್ಕೆ ತಿಂಗಳಿಗೆ 4,500. ಆರು ತಿಂಗಳಿಗೆ 27,000. ಬಳ್ಳಾರಿಯಲ್ಲೇ ಕೂತು, ಒಂದು ರಿಯಾಲ್ ಮುಖ ನೋಡದೆ 27,000 ಸಾಲ ಬೆಳೆಸಿದೆ. ಸಾಹುಕಾರ ಅದನ್ನು ಅಸಲಿಗೆ ಸೇರಿಸಿದ. 1,77,000 ಆಯಿತು.

ಅಲ್ಲಿಗೆ ಹೋದ ಮೇಲಾದರೂ ದುಡ್ಡು ಕಳಿಸಬಹುದು ಅಂದುಕೊಂಡಿದ್ದೆ. ಇಕಾಮಾ, ಅಂದರೆ ಅಲ್ಲಿ ಇರೋಕೆ ಕೊಡುವ ಪರವಾನಗಿ ಕಾರ್ಡ್, ಇಲ್ಲದೆ ಊರಿಗೆ ದುಡ್ಡು ಕಳಿಸೋಕೆ ಆಗುವುದಿಲ್ಲ. ನನ್ನ ಇಕಾಮಾ ಬರೋಕೆ ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಸಾಲ 1,93,000 ಹತ್ತಿರ ಬಂದಿತ್ತು. ಸಂಬಳ ಕಾಂಟ್ರಾಕ್ಟ್‌ನಲ್ಲಿ 1,500 ಅಲ್ಲ, 1,200. ಅರಬ್ಬಿ ಅಂಕಿ ಓದೋಕೆ ಬರುತ್ತಿರಲಿಲ್ಲ, ಸುಮ್ನೆ ಸಹಿ ಹಾಕಿದ್ದೆ. ಊಟ, ಫೋನು ಕಳೆದು ತಿಂಗಳಿಗೆ 800 ರಿಯಾಲ್ ಕಳಿಸುತ್ತಿದ್ದೆ. ನಾನು ಹೋದಾಗಿನ ರೇಟಿನಲ್ಲಿ ಅದು 12,000 ರೂಪಾಯಿಯೂ ಆಗುತ್ತಿರಲಿಲ್ಲ. ಅದರಲ್ಲಿ ಅರ್ಧ ಬಡ್ಡಿಗೇ ಹೋಗುತ್ತಿತ್ತು.

ನಡುವೆ ಒಂದು ಅದೃಷ್ಟ. ಸೌದಿ ರಿಯಾಲ್ ಅನ್ನು ಡಾಲರ್‌ಗೆ 3.75ರಂತೆ ಕಟ್ಟಿದ್ದಾರೆ. 2013ರ ಆಗಸ್ಟ್‌ನಲ್ಲಿ ರೂಪಾಯಿ ಬಿದ್ದು ಡಾಲರ್ 68 ದಾಟಿದಾಗ, ನಾನು ಹೋದಾಗ 14ರ ಆಸುಪಾಸಿನಲ್ಲಿದ್ದ ರಿಯಾಲ್ 18 ಮುಟ್ಟಿತು. ಇಡೀ ಕ್ಯಾಂಪು ದುಡ್ಡು ಕಳಿಸೋಕೆ ಸಾಲುಗಟ್ಟಿ ನಿಂತಿತ್ತು. ಆಮೇಲೆ ಸ್ವಲ್ಪ ಇಳಿದರೂ ನನ್ನ 800 ರಿಯಾಲ್ 13,000ದ ಹತ್ತಿರವೇ ಉಳಿಯಿತು.

ಅಷ್ಟಾದರೂ ಸಾಲ ತೀರಿದ್ದು ಎರಡು ವರ್ಷದ ಕಾಂಟ್ರಾಕ್ಟ್ ಮುಗಿಯುವ ಹೊತ್ತಿಗೆ. ಆ ಎರಡು ವರ್ಷ ಮನೆ ನಡೆಸಿದವಳು ನನ್ನ ಹೆಂಡತಿ, ಜೀನ್ಸ್ ಪ್ಯಾಂಟ್ ಹೊಲಿದು, ಪೀಸ್ ಲೆಕ್ಕದಲ್ಲಿ. ನಾನು ಗಲ್ಫ್‌ನಲ್ಲಿ ದುಡಿಯುತ್ತಿದ್ದೇನೆ ಅಂತ ಓಣಿಯವರು ಅವಳ ಹತ್ತಿರ ಕೈಗಡ ಕೇಳೋಕೆ ಬರುತ್ತಿದ್ದರಂತೆ. ಅದನ್ನು ಅವಳು ಫೋನಿನಲ್ಲಿ ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ವಿಮಾನ ಹತ್ತುವ ದಿನ ದುಡ್ಡು ಕೊಟ್ಟಿದ್ದರೆ? ಆಮೇಲೆ ಕೂತು ಲೆಕ್ಕ ಹಾಕಿದ್ದೇನೆ. ನಾಲ್ಕು ತಿಂಗಳು ಮೊದಲೇ ಸಾಲ ತೀರುತ್ತಿತ್ತು. ಹೆಚ್ಚುಕಮ್ಮಿ 50,000 ರೂಪಾಯಿ ಮನೆಗೆ ಉಳಿಯುತ್ತಿತ್ತು. ಸಂಬಳ ಅದೇ, ಏಜೆಂಟ್ ಅವನೇ, ಸಾಹುಕಾರ ಅವನೇ. ಬರೀ ದಿನಾಂಕ ಬೇರೆ.

ಅದಕ್ಕೇ ಸೌದಿಯಾ ಕತಾರಾ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾರ ದುಡ್ಡಲ್ಲಿ, ಎಷ್ಟು ಬಡ್ಡಿಗೆ, ಯಾವತ್ತು ಕೊಟ್ಟು ಹೋಗುತ್ತೀರಿ ಅನ್ನೋದನ್ನು ಮೊದಲು ಹೇಳಿ. ಕತಾರ್‌ನಲ್ಲಿ 2021ರಿಂದ 1,000 ರಿಯಾಲ್ ಕನಿಷ್ಠ ಸಂಬಳ ಇದೆ, ಊಟ, ವಸತಿ ಕೊಡದಿದ್ದರೆ ಅದಕ್ಕೆ ಬೇರೆ 800. ಒಳ್ಳೆಯದೇ. ಆದರೆ ಮೂರು ರೂಪಾಯಿ ಬಡ್ಡಿ ಎರಡೂ ದೇಶಕ್ಕೆ ಒಂದೇ ಅಲ್ವಾ?

ಆ 1,60,000 ಯಾತಕ್ಕೆ ಅಂತ ಏಜೆಂಟ್‌ನನ್ನು ಕೇಳಿದಿರಾ? ಸೌದಿ ಕಾನೂನಿನಲ್ಲೇ ನೇಮಕದ ಖರ್ಚು, ಇಕಾಮಾ, ವರ್ಕ್ ಪರ್ಮಿಟ್ ಎಲ್ಲಾ ಮಾಲೀಕನ ತಲೆಗೆ. ನಮ್ಮ ದೇಶದ ನಿಯಮದಲ್ಲಿ ಲೈಸೆನ್ಸ್ ಇರುವ ಏಜೆಂಟ್ 30,000, ಅದಕ್ಕೆ ಜಿಎಸ್‌ಟಿ ಸೇರಿ ಒಟ್ಟು 35,400ಕ್ಕಿಂತ ಜಾಸ್ತಿ ಫೀ ತಗೊಳ್ಳುವ ಹಾಗಿಲ್ಲ. ನನ್ನ ಕಾಲಕ್ಕೆ ಅದು 20,000 ಇತ್ತು, ನಾನು ಒಂದೂವರೆ ಲಕ್ಷ ಕೊಟ್ಟೆ! ಇಲ್ಲಿ 18,000, ಅಲ್ಲಿ ಈಗಿನ ರೇಟಿನಲ್ಲಿ 40,000ದ ಹತ್ತಿರ. ಆ ವ್ಯತ್ಯಾಸ ನೋಡಿಯೇ ಅವನು ಬೆಲೆ ಕಟ್ಟುತ್ತಾನೆ. ನಿಮ್ಮ ಮುಂದಿನ ಏಳೆಂಟು ತಿಂಗಳ ಲಾಭವನ್ನು ಇವತ್ತೇ ಕೇಳುತ್ತಿದ್ದಾನೆ.

ಇನ್ನೊಂದು. ನೀವು ಹತ್ತನೇ ಕ್ಲಾಸ್ ಪಾಸ್, ಹಾಗಾಗಿ ಎಮಿಗ್ರೇಷನ್ ಕ್ಲಿಯರೆನ್ಸ್ (ಕೆಲಸಕ್ಕೆ ಹೊರದೇಶಕ್ಕೆ ಹೋಗೋಕೆ ನಮ್ಮ ಸರ್ಕಾರದ ಒಪ್ಪಿಗೆ) ಬೇಡ, ಕೆಲಸ ಸಲೀಸು ಅಂತ ಏಜೆಂಟ್ ಹೇಳಿದನಂತೆ. ಕ್ಲಿಯರೆನ್ಸ್ ಬೇಡ ಅನ್ನೋದು ನಿಜ. ಅಂದರೆ ನೀವು ಹೊರಡುವ ಮುಂಚೆ ನಿಮ್ಮ ಕಾಂಟ್ರಾಕ್ಟ್ ಅನ್ನು ನಮ್ಮ ಸರ್ಕಾರದವರು ಯಾರೂ ನೋಡುವುದಿಲ್ಲ. ನೀವೇ ನೋಡಬೇಕು.

ಹೋಗಬೇಡಿ ಅಂತ ಹೇಳಲಾರೆ. ಎರಡನೇ ಕಾಂಟ್ರಾಕ್ಟ್‌ನ ಎರಡು ವರ್ಷದಲ್ಲಿ, ಸಾಲ ಇಲ್ಲದಿದ್ದಾಗ, ಕಳಿಸಿದ ಪ್ರತಿ ರೂಪಾಯಿ ಮನೆಗೇ ಬಂತು. ಇವತ್ತು ಬಳ್ಳಾರಿಯಲ್ಲಿ ನನ್ನ ಗ್ಯಾರೇಜ್ ಇರುವುದು ಅದರಿಂದಲೇ. ಆದರೆ ಮೂರು ರೂಪಾಯಿ ಬಡ್ಡಿಯ ಸಾಲದಲ್ಲಿ ಹೋಗಬೇಡಿ. ಮನೆಯಲ್ಲಿ ಬಂಗಾರ ಇದ್ದರೆ ಬ್ಯಾಂಕಿನಲ್ಲಿಡಿ, ಹೆಚ್ಚುಕಮ್ಮಿ ಒಂದು ರೂಪಾಯಿ ಬಡ್ಡಿ ಬೀಳುತ್ತದೆ. ನಾನು ಹೆಂಡತಿಯ ಸರ ಒತ್ತೆ ಇಡೋದು ಮರ್ಯಾದೆ ಅಲ್ಲ ಅಂದುಕೊಂಡು ಮನೆ ಪತ್ರ ಇಟ್ಟೆ. ಬಂಗಾರವೂ ಇಲ್ಲದಿದ್ದರೆ ಇನ್ನೊಂದು ವರ್ಷ ತೋರಣಗಲ್ಲಿನಲ್ಲೇ ದುಡಿದು ಕೂಡಿಡಿ. ವೀಸಾ, ಟಿಕೆಟ್ ನಿಮ್ಮ ಕೈಗೆ ಬರುವವರೆಗೆ ಒಂದು ಪೈಸೆಯನ್ನೂ ಕೊಡಬೇಡಿ.

ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಏಜೆಂಟ್‌ನ ಲೈಸೆನ್ಸ್ ಇದೆಯಾ ಅಂತ ಇವತ್ತೇ ನೋಡಿ. ಕಾಂಟ್ರಾಕ್ಟ್ ಕಾಗದ ಬಂದರೆ ಹೆಸರು, ಪಾಸ್‌ಪೋರ್ಟ್ ನಂಬರ್ ಮುಚ್ಚಿ ಫೋಟೋ ಇಲ್ಲಿ ಕಾಮೆಂಟಿನಲ್ಲಿ ಹಾಕಿ. ಅರಬ್ಬಿ ಕಡೆ ಸಂಬಳ ಎಷ್ಟು ಬರೆದಿದ್ದಾರೆ ಅಂತ ಓದಿ ಹೇಳುತ್ತೇನೆ. ಆ ಅಂಕಿಗಳು ಈಗ ನನಗೆ ಬರುತ್ತವೆ.